ಲಗ್ಗೆ

ಲಗ್ಗೆ ಎಂಬುದು ಹಠಾತ್ತಾಗಿ ಮುನ್ನುಗ್ಗುವುದನ್ನು, ವಿಶೇಷವಾಗಿ ಕೋಟೆಯ ಮೇಲೇರಿ ಒಳನುಗ್ಗುವ ಆಕ್ರಮಣವನ್ನು ಸೂಚಿಸುವ ಕನ್ನಡ ನಾಮಪದ. ಇದು ‘ಲಗ್ಗೆ ಇಡು’, ‘ಲಗ್ಗೆ ಹಾಕು’, ‘ಲಗ್ಗೆ ಹತ್ತು’ ಎಂಬ ರೂಪಗಳಲ್ಲಿ ಬಳಕೆಯಾಗುತ್ತದೆ.

ನಿಷ್ಪತ್ತಿ

ಅಚ್ಚಗನ್ನಡ ಪದಗಳು ಸಾಮಾನ್ಯವಾಗಿ ಲಕಾರದಿಂದ ಆರಂಭವಾಗುವುದಿಲ್ಲ. ಆದ್ದರಿಂದ ಇದನ್ನು ‘ತಾಗಿದ, ಅಂಟಿದ’ ಎಂಬರ್ಥದ ಸಂಸ್ಕೃತ ‘ಲಗ್ನ’ ಮತ್ತು ಅದರ ಪ್ರಾಕೃತ ರೂಪ ‘ಲಗ್ಗ’ದೊಡನೆ ಹೋಲಿಸಬಹುದು. ಕುಮಾರವ್ಯಾಸನ ಭಾರತದಲ್ಲಿ ‘ಲಗ್ಗೆವರೆ’ ಎಂಬ ಸಮಾಸಪದವಿದೆ. ಲಗ್ಗೆ ಮತ್ತು ಪರೆ ಸೇರಿ, ಪಕಾರಕ್ಕೆ ವಕಾರವು ಆದೇಶವಾಗಿ ಬಂದ ಈ ಪದಕ್ಕೆ ಆಕ್ರಮಣದ ವೇಳೆ ಬಾರಿಸುವ ರಣವಾದ್ಯವೆಂದು ಅರ್ಥ.

ಲಗ್ಗೆ ಮತ್ತು ಮುತ್ತಿಗೆ

‘ಮುತ್ತು’ ಧಾತುವಿನಿಂದ ಬಂದ ಮುತ್ತಿಗೆಯು ಸುತ್ತುವರಿಯುವುದನ್ನು ಹೇಳುತ್ತದೆ. ಅದು ತಿಂಗಳುಗಟ್ಟಲೆ ನಡೆಯಬಹುದು. ಲಗ್ಗೆಯು ಕ್ಷಿಪ್ರವಾದುದು. ಇಂದಿನ ಯಾದಗಿರಿ ಜಿಲ್ಲೆಯ ಸುರಪುರದ ಸಮೀಪದಲ್ಲಿರುವ ವಾಗಣಗೇರಾ ಕೋಟೆಯ ಇತಿಹಾಸದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. 1705ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಔರಂಗಜೇಬನ ಸೈನ್ಯವು ಪಿಡ್ಡನಾಯಕನ ಈ ಕೋಟೆಯನ್ನು ಸುತ್ತುವರಿದದ್ದು ಮುತ್ತಿಗೆ; ಆ ಅವಧಿಯಲ್ಲಿ ಹೊರಗಿನ ಗುಡ್ಡಗಳ ಮೇಲೆಯೂ ಪೇಟೆಯ ಮೇಲೆಯೂ ಏರಿಹೋದದ್ದು ಲಗ್ಗೆ. ಕೊನೆಗೆ ಕೋಟೆಯು ಮೊಗಲರ ವಶವಾಯಿತಾದರೂ ನಾಯಕನೂ ಅವನ ಬೇಡರ ಪಡೆಯೂ ರಾತ್ರೋರಾತ್ರಿ ಪಾರಾದರು.

ಇಂದಿನ ಬಳಕೆ

ಪತ್ರಿಕೆಗಳಲ್ಲಿ ‘ಫೈನಲ್‌ಗೆ ಲಗ್ಗೆ’, ‘ಮಾರುಕಟ್ಟೆಗೆ ಲಗ್ಗೆ’ ಎಂಬ ಪ್ರಯೋಗಗಳು ಸಾಮಾನ್ಯ. ‘ಕೋಟೆಗೆ ಲಗ್ಗೆ’ ಎಂಬಲ್ಲಿನ ಚತುರ್ಥೀ ವಿಭಕ್ತಿಯೇ ಇಲ್ಲಿಯೂ ಉಳಿದಿದೆ. ಯುದ್ಧದ ಅರ್ಥವು ಮರೆಯಾಗಿ, ರಭಸದ ಪ್ರವೇಶವೆಂಬ ಅರ್ಥವಷ್ಟೇ ಮುಂದುವರಿದಿದೆ.