ಕೆರೆಯಿಂದ ಕಣಿವೆಗೆ: ದಕ್ಷಿಣ ಬೆಂಗಳೂರಿನ ನೀರಿನ ಲೆಕ್ಕ

ಬಿಟಿಎಂ ಬಡಾವಣೆಯ ಹೆಸರಿನ ಮೂರು ಅಕ್ಷರಗಳಲ್ಲಿ ಮೂರು ಹಳ್ಳಿಗಳಿವೆ: ಬೈರಸಂದ್ರ, ತಾವರೆಕೆರೆ, ಮಡಿವಾಳ. ‘ಸಂದ್ರ’ ಎಂದರೆ ಸಮುದ್ರ. ನಮ್ಮ ಹಿರಿಯರ ಬಾಯಲ್ಲಿ ದೊಡ್ಡ ಕೆರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದೊಡ್ಡ ನದಿಯಿಲ್ಲದ ನೆಲದಲ್ಲಿ ಊರು ಕಟ್ಟಿದವರು ಮೊದಲು ಕೆರೆ ಕಟ್ಟಿದರು.

ಈ ಭಾಗದ ಮಳೆ ಎರಡು ದಾರಿ ಹಿಡಿಯುತ್ತದೆ. ಬನಶಂಕರಿ ಕಡೆಯದು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ. ಮಡಿವಾಳ ಕಡೆಯದು ಅಗರ, ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ. ಮೇಲಿನ ಕೆರೆ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ತುಂಬುತ್ತಿತ್ತು. ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದ ನೀರಗಂಟಿಗೆ ಕೆರೆ, ಕಾಲುವೆ, ಅಚ್ಚುಕಟ್ಟು ಬೇರೆಬೇರೆಯಾಗಿರಲಿಲ್ಲ.

ಆಮೇಲೆ ಬಂದದ್ದು ಕೊಳವೆಯ ಕಾಲ. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿ. ಸುಮಾರು 100 ಕಿ.ಮೀ. ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿದ ನೀರು ಮನೆಮನೆಯ ನಲ್ಲಿಗೆ ಬಂತು. ಜನರ ದಾಹ ತೀರಿತು, ಕೆರೆಯ ಕೆಲಸ ಮುಗಿಯಿತು. ಅಚ್ಚುಕಟ್ಟು ನಿವೇಶನವಾಯಿತು, ರಾಜಕಾಲುವೆ ಕೊಳಚೆ ಹೊತ್ತಿತು.

1985ರಲ್ಲಿ ನೇಮಕವಾದ ಎನ್. ಲಕ್ಷ್ಮಣರಾವ್ ಸಮಿತಿಯಿಂದ ಚಿಂತನೆ ಮತ್ತೆ ಕೆರೆಯತ್ತ ತಿರುಗಿತು: ಕೆರೆ ಒಡೆಯಬೇಡಿ, ಕೊಳಚೆ ಬಿಡಬೇಡಿ, ದಡದಲ್ಲಿ ಮರ ಬೆಳೆಸಿ. 2010ರಲ್ಲಿ ಜೆಪಿ ನಗರದ ಪುಟ್ಟೇನಹಳ್ಳಿ ಕೆರೆಗಾಗಿ ಅಕ್ಕಪಕ್ಕದ ನಿವಾಸಿಗಳೇ ಟ್ರಸ್ಟ್ ಕಟ್ಟಿದರು. 2015ರಲ್ಲಿ ಹೈಕೋರ್ಟ್ ಆದೇಶದಂತೆ ಸಾರಕ್ಕಿ ಕೆರೆಯ ಒತ್ತುವರಿ ತೆರವಾಯಿತು. ಆದರೂ ಬೇಲಿಯೊಳಗಿನ ಕೆರೆಗೆ ಬೇಲಿಯಾಚೆಯಿಂದಲೇ ನೀರು ಬರಬೇಕು. ಪುಟ್ಟೇನಹಳ್ಳಿ ಕೆರೆಗೆ ಪಕ್ಕದ ವಸತಿ ಸಮುಚ್ಚಯದ ಶುದ್ಧೀಕರಿಸಿದ ನೀರು ಹರಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಈ ಪಾಠ ನಮಗೆ ಮಾತ್ರವಲ್ಲ. ಫಿನ್ಲೆಂಡಿನಲ್ಲಿ ಮರ ಬೆಳೆಸಲೆಂದು ಅರ್ಧಕ್ಕೂ ಹೆಚ್ಚು ಜೌಗು ನೆಲವನ್ನು ಕಾಲುವೆ ತೋಡಿ ಬಸಿದರು. ಹೊಳೆ, ಸರೋವರಗಳ ನೀರು ಕೆಟ್ಟಿತು. ಈಗ ಎಷ್ಟೋ ಕಡೆ ಆ ಕಾಲುವೆಗಳನ್ನೇ ಮುಚ್ಚುತ್ತಿದ್ದಾರೆ. ಅಲ್ಲಿ ತೋಡಿದ್ದು ತಪ್ಪಾಯಿತು, ಇಲ್ಲಿ ರಾಜಕಾಲುವೆ ಮುಚ್ಚಿದ್ದು. ಎರಡೂ ಕಡೆ ಮರೆತದ್ದು ನೀರಿನ ದಾರಿಯನ್ನು.

ಒಂದೊಂದೇ ಕೆರೆಯನ್ನಲ್ಲ, ಅದಕ್ಕೆ ನೀರು ಹರಿದು ಬರುವ ಇಡೀ ಕಣಿವೆಯನ್ನೇ ಘಟಕವಾಗಿ ನೋಡುವ ಪ್ರಯತ್ನಗಳೂ ಶುರುವಾಗಿವೆ. 2009ರಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಅದನ್ನು ಕಲಿಸಲು ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಉದ್ಯಾನವೇ ಇದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆದರೆ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್‌ಗೆ ಕಾಯುವ ದಿನ ಬಂದಾಗ, ನೆಲದಲ್ಲಿ ಇಂಗಿಸಿದ್ದು ಎಷ್ಟು ಕಡಿಮೆಯೆಂದು ಗೊತ್ತಾಯಿತು.

30×40 ಅಡಿಯ ನಿವೇಶನವೊಂದರ ಮೇಲೆ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್ ಮಳೆ ಸುರಿಯುತ್ತದೆ. ನಿಮ್ಮ ಮನೆಯ ಆ ನೀರು ಯಾವ ಮೋರಿಗೆ, ಯಾವ ಕೆರೆಗೆ ಹೋಗುತ್ತದೆ? ಈ ಮಳೆಗಾಲದಲ್ಲಿ ಒಮ್ಮೆ ಅದರ ಹಿಂದೆ ನಡೆದು ನೋಡಿ. ಮನೆಗೆ ಮರಳಿ ಒಂದು ಇಂಗುಗುಂಡಿ ತೋಡಿ.