ಗೂಢಚಾರರ ಬೆನ್ನು ಹತ್ತಿದ ಪ್ರಯೋಗಾಲಯ

ಧರ್ಮಶಾಲೆಯಲ್ಲಿ ಟಿಬೆಟನ್ನರ ಒಂದು ಸಂಸ್ಥೆಯಿತ್ತು. ಇಂಟರ್‌ನೆಟ್ ಮೂಲಕ ಚೀನಾದ ಯುವಕರೊಂದಿಗೆ ಮಾತುಕತೆ ನಡೆಸುವುದು ಅದರ ಕೆಲಸ. ಅಲ್ಲಿ ಎರಡು ವರ್ಷ ದುಡಿದ ಯುವತಿಯೊಬ್ಬಳು ಟಿಬೆಟ್‌ನ ತನ್ನ ಹಳ್ಳಿಗೆ ಮರಳುವಾಗ ನೇಪಾಳದ ಗಡಿಯಲ್ಲಿ ಬಂಧನಕ್ಕೊಳಗಾದಳು. ಎರಡು ತಿಂಗಳು ಯಾರ ಸಂಪರ್ಕವೂ ಇಲ್ಲದೆ ಅವಳನ್ನು ಕೂಡಿಹಾಕಲಾಯಿತು. ನಾನು ಓದಲು ಹೋಗಿದ್ದೆ, ರಾಜಕೀಯದ ಗಂಧಗಾಳಿಯೂ ನನಗಿಲ್ಲ ಎಂದಳು. ವಿಚಾರಣೆ ನಡೆಸುತ್ತಿದ್ದವರು ಒಂದು ಕಡತವನ್ನು ತೆಗೆದು ಅವಳ ಮುಂದಿಟ್ಟರು. ಅವಳು ವರ್ಷಗಟ್ಟಲೆ ಇಂಟರ್‌ನೆಟ್‌ನಲ್ಲಿ ಆಡಿದ್ದ ಮಾತುಗಳೆಲ್ಲ ಅದರಲ್ಲಿ ಅಕ್ಷರಶಃ ಇದ್ದವು.

ಈ ಘಟನೆಯನ್ನು ದಾಖಲಿಸಿದ್ದು ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ 'ಸಿಟಿಝನ್ ಲ್ಯಾಬ್' ಎಂಬ ಸಂಶೋಧನಾ ಕೇಂದ್ರ. 2001ರಲ್ಲಿ ಅದನ್ನು ಆರಂಭಿಸಿದವರು ರೊನಾಲ್ಡ್ ಡೀಬರ್ಟ್. ಅವರು ಕಂಪ್ಯೂಟರ್ ವಿಜ್ಞಾನಿಯಲ್ಲ, ರಾಜ್ಯಶಾಸ್ತ್ರದ ಪ್ರಾಧ್ಯಾಪಕರು. ಸರಕಾರಗಳು ಪ್ರಜೆಗಳ ಮೇಲೆ ಕಣ್ಣಿಡುವುದು ಹಳೆಯ ಸಂಗತಿ. ಆದರೆ ಕಣ್ಣಿಡುವವರ ಮೇಲೆ ಪ್ರಜೆಗಳ ಪರವಾಗಿ ಕಣ್ಣಿಡಲು ವಿಶ್ವವಿದ್ಯಾಲಯವೊಂದಕ್ಕೆ ಸಾಧ್ಯವೇ ಎಂಬುದು ಅವರ ಪ್ರಶ್ನೆಯಾಗಿತ್ತು.

ದಲಾಯಿ ಲಾಮಾ ಅವರ ಕಚೇರಿಗೂ ಸಂಶಯವಿತ್ತು. ಒಮ್ಮೆ ವಿದೇಶಿ ರಾಜತಾಂತ್ರಿಕರೊಬ್ಬರಿಗೆ ಅಲ್ಲಿಂದ ಇಮೇಲ್ ಆಹ್ವಾನ ಹೋಯಿತು. ಫೋನ್ ಮಾಡಿ ಮಾತು ಮುಂದುವರಿಸುವ ಮೊದಲೇ ಚೀನಾ ಸರಕಾರ ಆ ರಾಜತಾಂತ್ರಿಕರಿಗೆ ಫೋನ್ ಮಾಡಿ, ಹೋಗದಿರುವುದು ಒಳ್ಳೆಯದು ಎಂದಿತ್ತು! ಲ್ಯಾಬ್‌ನವರು ಒಟ್ಟಾವದ ಸಂಸ್ಥೆಯೊಂದರ ಜೊತೆಗೂಡಿ ಧರ್ಮಶಾಲೆಗೆ ಬಂದು, ಅಲ್ಲಿನ ಕಂಪ್ಯೂಟರ್‌ಗಳಿಂದ ಯಾವ ಮಾಹಿತಿ ಎತ್ತ ಹೊರಟಿದೆ ಎಂಬುದನ್ನು ದಾಖಲಿಸಿಕೊಂಡರು. ಗುರುತಿನವರ ಹೆಸರಿನಲ್ಲೇ ಇಮೇಲ್ ಬರುತ್ತದೆ. ಅದಕ್ಕೆ ಅಂಟಿಸಿದ ಕಡತವನ್ನು ತೆರೆದರೆ ಸಾಕು, ಕಂಪ್ಯೂಟರ್ ಪರರ ಕೈವಶ. ಅದರ ಕ್ಯಾಮೆರಾವನ್ನೂ ಮೈಕನ್ನೂ ದೂರದಿಂದಲೇ ಚಾಲೂ ಮಾಡಬಹುದು. ಜಾಡು ಹಿಡಿದು ಹೊರಟ ಸಂಶೋಧಕರಿಗೆ ಈ ಜಾಲವನ್ನು ನಡೆಸುವ ಸರ್ವರ್‌ಗಳೇ ಸಿಕ್ಕವು. ಕಳ್ಳರು ತಮ್ಮ ಮನೆಗೆ ಬೀಗ ಹಾಕುವುದನ್ನು ಮರೆತಿದ್ದರು. 2009ರ ಮಾರ್ಚ್‌ನಲ್ಲಿ ಪ್ರಕಟವಾದ ವರದಿಯ ಪ್ರಕಾರ 103 ದೇಶಗಳ 1,295 ಕಂಪ್ಯೂಟರ್‌ಗಳು ಈ ಜಾಲಕ್ಕೆ ಬಿದ್ದಿದ್ದವು.

ಹೆಚ್ಚಿನ ಸರ್ವರ್‌ಗಳು ಚೀನಾದಲ್ಲಿದ್ದರೂ, ಇದು ಚೀನಾ ಸರಕಾರದ್ದೇ ಕೆಲಸ ಎಂದು ವರದಿ ಬರೆಯಲಿಲ್ಲ. ಪುರಾವೆ ಅಲ್ಲಿಯವರೆಗೆ ಹೋಗುವುದಿಲ್ಲ ಎಂದು ನಿಲ್ಲಿಸಿತು. ಈ ಸಂಯಮ ನನಗೆ ಅವರ ಜಾಣ್ಮೆಗಿಂತಲೂ ದೊಡ್ಡದಾಗಿ ಕಾಣುತ್ತದೆ. ಮರುವರ್ಷ, 2010ರ ಏಪ್ರಿಲ್‌ನಲ್ಲಿ ಬಂದ ಇನ್ನೊಂದು ವರದಿ ನಮ್ಮದೇ ಮನೆಯ ಸುದ್ದಿ ತಂದಿತು. ಭಾರತ ಸರಕಾರದ ಗೋಪ್ಯ ದಾಖಲೆಗಳೂ ಇಂತಹದೇ ಇನ್ನೊಂದು ಜಾಲದ ಪಾಲಾಗಿದ್ದವು.

ನಂತರದ ವರ್ಷಗಳಲ್ಲಿ ಬೇಹುಗಾರಿಕೆ ಅಂಗಡಿಯ ಸರಕಾಯಿತು. ಸ್ವಂತ ಪರಿಣತರಿಲ್ಲದ ಸರಕಾರವೂ ಹಣ ಕೊಟ್ಟು ಅದನ್ನು ಕೊಳ್ಳಬಹುದಾಯಿತು. ಇಲ್ಲಿಂದ ಕಥೆ ನಮ್ಮ ಕರಾವಳಿಯ ಮನೆಮನೆಗೂ ಪರಿಚಿತವಾದ ಯು.ಎ.ಇ.ಗೆ ಹೋಗುತ್ತದೆ. ಅಲ್ಲಿನ ಅಹ್ಮದ್ ಮನ್ಸೂರ್ ಇಂಜಿನಿಯರ್, ಕವಿ, ನಾಲ್ಕು ಮಕ್ಕಳ ತಂದೆ. ಮಾನವ ಹಕ್ಕುಗಳ ಬಗ್ಗೆ ಬಾಯಿ ಬಿಟ್ಟು ಮಾತಾಡುತ್ತಿದ್ದವರು. 2016ರ ಆಗಸ್ಟ್ 10 ಮತ್ತು 11ರಂದು ಅವರ ಐಫೋನ್‌ಗೆ ಎರಡು ಸಂದೇಶಗಳು ಬಂದವು. ದೇಶದ ಜೈಲುಗಳಲ್ಲಿ ನಡೆಯುವ ಚಿತ್ರಹಿಂಸೆಯ ಹೊಸ ರಹಸ್ಯಗಳು ಇಲ್ಲಿವೆ, ಒತ್ತಿ ನೋಡಿ ಎಂದು. ಅಂತಹ ವ್ಯಕ್ತಿಗೆ ಇದಕ್ಕಿಂತ ದೊಡ್ಡ ಆಮಿಷವುಂಟೇ? ಆದರೆ ಹಿಂದೆ ಎರಡು ಬಾರಿ ಇಂತಹ ಬಲೆಯನ್ನು ಕಂಡಿದ್ದ ಮನ್ಸೂರ್ ಅದನ್ನು ಒತ್ತಲಿಲ್ಲ. ಸಂದೇಶವನ್ನು ಹಾಗೆಯೇ ಟೊರೊಂಟೊಗೆ ರವಾನಿಸಿದರು.

ಸಂಶೋಧಕರು ತಮ್ಮದೇ ಒಂದು ಫೋನ್‌ನಲ್ಲಿ ಆ ಕೊಂಡಿಯನ್ನು ಒತ್ತಿದರು. ಐಫೋನ್‌ನಲ್ಲಿ ಅದರ ತಯಾರಕರಿಗೇ ಗೊತ್ತಿರದಿದ್ದ ಮೂರು ಬಿರುಕುಗಳ ಮೂಲಕ ಒಂದು ಬೇಹು ತಂತ್ರಾಂಶ ಒಳನುಗ್ಗಿತು. ಇಸ್ರೇಲಿನ ಎನ್‌ಎಸ್‌ಒ ಕಂಪೆನಿಯ 'ಪೆಗಾಸಸ್' ಅದು. ಇಂತಹ ಬಿರುಕನ್ನು ತೋರಿಸಿಕೊಡುವವರಿಗೆ ಹಿಂದಿನ ವರ್ಷ ಒಂದು ಕಂಪೆನಿ ಹತ್ತು ಲಕ್ಷ ಡಾಲರ್ ಸಾರಿತ್ತು. ಅಷ್ಟು ಬೆಲೆಯ ಆಯುಧವನ್ನು ಒಬ್ಬ ಒಂಟಿ ಮನುಷ್ಯನ ಮೇಲೆ ಬಿಡಲಾಗಿತ್ತು. ಸುದ್ದಿ ತಿಳಿದ ಆ್ಯಪಲ್ ಆಗಸ್ಟ್ 25ರಂದು ಬಿರುಕುಗಳನ್ನು ಮುಚ್ಚಿತು. ಲೋಕದ ಐಫೋನ್‌ಗಳೆಲ್ಲ ಭದ್ರವಾದವು. ಕಾರಣನಾದ ವ್ಯಕ್ತಿಯನ್ನು ಏಳು ತಿಂಗಳ ಬಳಿಕ, 2017ರ ಮಾರ್ಚ್‌ನಲ್ಲಿ ಮನೆಯಿಂದ ಬಂಧಿಸಿ ಒಯ್ದರು. ಸಾಮಾಜಿಕ ಜಾಲತಾಣದಲ್ಲಿ ದೇಶದ ಘನತೆಗೆ ಕುಂದು ತಂದನೆಂದು 2018ರಲ್ಲಿ 10 ವರ್ಷ ಜೈಲು ವಿಧಿಸಿದರು, ಒಂಟಿ ಕೋಣೆಯಲ್ಲಿಟ್ಟರು. 2024ರ ಜುಲೈಯಲ್ಲಿ ಮತ್ತೊಂದು ಮೊಕದ್ದಮೆಯಲ್ಲಿ ಇನ್ನೂ 15 ವರ್ಷ. ಬಿರುಕನ್ನು ಮಾರಿದ್ದರೆ ಕೋಟ್ಯಧೀಶನಾಗುತ್ತಿದ್ದ ಎಂದು ಯಾರಾದರೂ ಅಂದರೆ ಏನು ಹೇಳಲಿ!

2018ರ ಅಕ್ಟೋಬರ್ 1ರಂದು ಲ್ಯಾಬ್ ಮತ್ತೊಂದು ವರದಿ ಹೊರತಂದಿತು. ಕೆನಡಾದಲ್ಲಿ ಆಶ್ರಯ ಪಡೆದ ಸೌದಿ ಯುವಕ ಉಮರ್ ಅಬ್ದುಲ್ ಅಝೀಝ್ ಫೋನ್‌ನಲ್ಲಿ ಪೆಗಾಸಸ್ ಹೊಕ್ಕಿದೆ ಎಂದು. ಪಾರ್ಸೆಲ್ ಬಂದಿದೆ ಎಂಬ ಸುಳ್ಳು ಸಂದೇಶದಿಂದ ಅದು ಒಳಬಂದಿತ್ತು. ಉಮರ್ ಆಪ್ತವಾಗಿ ಮಾತಾಡುತ್ತಿದ್ದವರಲ್ಲಿ ಪತ್ರಕರ್ತ ಜಮಾಲ್ ಖಶೋಗಿ ಒಬ್ಬರು. ವರದಿ ಬಂದ ಮರುದಿನವೇ ಇಸ್ತಾಂಬುಲ್‌ನ ಸೌದಿ ದೂತಾವಾಸದೊಳಗೆ ಖಶೋಗಿ ಕೊಲೆಯಾದರು. ತನ್ನ ಸರಕನ್ನು ಭಯೋತ್ಪಾದಕರನ್ನೂ ಅಪರಾಧಿಗಳನ್ನೂ ಹಿಡಿಯಲು ಸರಕಾರಗಳಿಗಷ್ಟೇ ಮಾರುತ್ತೇನೆ, ಈ ಕೊಲೆಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಎನ್‌ಎಸ್‌ಒ ವಾದ.

ಆ ಬಳಿಕ ಲ್ಯಾಬ್‌ನವರ ಬೆನ್ನಿಗೇ ಬೇಹುಗಾರರು ಬಿದ್ದರು. ಸಿರಿಯಾದಿಂದ ನಿರಾಶ್ರಿತನಾಗಿ ಬಂದಿದ್ದ ಸಂಶೋಧಕನನ್ನು ಸುಳ್ಳು ಹೆಸರಿನ ಆಗಂತುಕನೊಬ್ಬ ಟೊರೊಂಟೊದ ಹೋಟೆಲಿಗೆ ಕರೆದು ಎನ್‌ಎಸ್‌ಒ ಬಗ್ಗೆ, ಇಸ್ರೇಲ್ ಬಗ್ಗೆ ಕೆದಕಿದ. 2019ರ ಜನವರಿಯಲ್ಲಿ ಇನ್ನೊಬ್ಬ ಸಂಶೋಧಕನಿಗೆ ನ್ಯೂಯಾರ್ಕ್‌ನಲ್ಲಿ ಊಟದ ಆಹ್ವಾನ ಬಂತು. ಈ ಬಾರಿ ಬಲೆ ತಿರುಗಿತ್ತು. ಪಕ್ಕದ ಮೇಜಿನಲ್ಲಿ ಪತ್ರಕರ್ತರು ಕಾದಿದ್ದರು. ಅವರು ಎದುರು ಬಂದು ಪ್ರಶ್ನಿಸಿದಾಗ ಆತಿಥೇಯ ಗಡಬಡಿಸಿದ. ಆ ಇಬ್ಬರನ್ನು ಕಳಿಸಿದವರು ತಾವಲ್ಲ ಎಂದು ಎನ್‌ಎಸ್‌ಒ ಹೇಳಿತು.

'ಗೋಡೆಗೂ ಕಿವಿಯಿದೆ' ಎಂಬ ಗಾದೆ ಕನ್ನಡದಲ್ಲೂ ಇದೆ, ಉರ್ದುವಿನಲ್ಲೂ ಇದೆ. ಈಗ ಕಿವಿಗೆ ಗೋಡೆಯ ಅಗತ್ಯವಿಲ್ಲ. 2019ರಲ್ಲಿ ವಾಟ್ಸಪ್ ಕರೆಯ ಮೂಲಕ ಸುಮಾರು 1,400 ಫೋನ್‌ಗಳ ಮೇಲೆ ಪೆಗಾಸಸ್ ದಾಳಿ ನಡೆಯಿತು. ಕರೆಯನ್ನು ಎತ್ತಬೇಕೆಂದೂ ಇರಲಿಲ್ಲ. ಗುರಿಯಾದವರನ್ನು ಗುರುತಿಸಲು ಲ್ಯಾಬ್ ನೆರವಾಯಿತು. ಅವರಲ್ಲಿ ಭಾರತದ ವಕೀಲರು, ಪತ್ರಕರ್ತರು, ಹೋರಾಟಗಾರರು ಇದ್ದರು. 2021ರ ಜುಲೈಯಲ್ಲಿ ಪತ್ರಿಕೆಗಳ ಒಕ್ಕೂಟವೊಂದು ಪೆಗಾಸಸ್ ಗುರಿಗಳೆಂದು ಸಂಶಯಿಸಲಾದ ಫೋನ್ ಸಂಖ್ಯೆಗಳ ಪಟ್ಟಿಯನ್ನು ಹೊರಗೆಡವಿತು. ಅದರಲ್ಲಿ, 2019ರಲ್ಲಿ ಕರ್ನಾಟಕದ ಮೈತ್ರಿ ಸರಕಾರ ಅಲುಗಾಡುತ್ತಿದ್ದಾಗ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ್ ಅವರ ಸಂಖ್ಯೆಯೂ, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೂ ಇದ್ದವು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನ್‌ನೊಳಗೆ ಯಾರೋ ಹೊಕ್ಕಿದ್ದರು ಎನ್ನುವಂತಿಲ್ಲ. ಅದಕ್ಕೆ ಫೋನ್ ಪರೀಕ್ಷೆ ನಡೆಯಬೇಕು.

ಸುಪ್ರೀಂ ಕೋರ್ಟ್ ಅದೇ ಅಕ್ಟೋಬರ್‌ನಲ್ಲಿ ತಾಂತ್ರಿಕ ಸಮಿತಿಯೊಂದನ್ನು ನೇಮಿಸಿತು. ಉಸ್ತುವಾರಿ ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರದು. ಸಮಿತಿ ಪರೀಕ್ಷಿಸಿದ 29 ಫೋನ್‌ಗಳ ಪೈಕಿ ಐದರಲ್ಲಿ ಕಳ್ಳ ತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರಕಾರ ಸಹಕರಿಸಲಿಲ್ಲ ಎಂದು ಸಮಿತಿ ಹೇಳಿದ್ದನ್ನು 2022ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿಗಳೇ ತೆರೆದ ನ್ಯಾಯಾಲಯದಲ್ಲಿ ತಿಳಿಸಿದರು. ದೇಶದ ಭದ್ರತೆಗೆ ಸಂಬಂಧಿಸಿದ ವರದಿ ಬೀದಿಯ ಚರ್ಚೆಯ ವಸ್ತುವಾಗಬಾರದು ಎಂದು 2025ರ ಏಪ್ರಿಲ್‌ನಲ್ಲಿ ಕೋರ್ಟ್ ಅಭಿಪ್ರಾಯಪಟ್ಟಿತು. ಟೊರೊಂಟೊದವರ ವರದಿಗಳನ್ನಾದರೆ ಯಾರು ಬೇಕಾದರೂ ಓದಬಹುದು.