ಏಕಸಂಬಿಯ ಬಸದಿಯೂ ಆರಾಧನಾ ಮಾರ್ಗವೂ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಏಕಸಂಬಿಯು ದೂಧಗಂಗೆಯ ಸೀಮೆಗೆ ಸೇರಿದ ಊರು. ಇಂದು ಈ ಸೀಮೆಯನ್ನು ಕಬ್ಬಿನ ನಾಡೆಂದು ಬಲ್ಲವರೇ ಹೆಚ್ಚು. ಶಾಸನದಲ್ಲಿ ಈ ಊರಿನ ಹೆಸರು ಎಕ್ಕಸಂಬುಗೆ ಎಂದಿರುತ್ತದೆ. ಇಲ್ಲಿಯ ನೇಮಿನಾಥ ಬಸದಿಯ ಶಾಸನವು ಶಕ 1087ಕ್ಕೆ, ಎಂದರೆ ಕ್ರಿ. ಶ. 1165ಕ್ಕೆ ಸೇರಿದುದು. ಶಿಲಾಹಾರ ವಿಜಯಾದಿತ್ಯನ ಸೇನಾಪತಿಯಾದ ಕಾಳಣನು ಈ ಬಸದಿಯನ್ನು ಕಟ್ಟಿಸಿದನೆಂದೂ, ರಟ್ಟರ ಕಾರ್ತವೀರ್ಯನು ಇದನ್ನು ಸಂದರ್ಶಿಸಿದನೆಂದೂ, ಭೂದಾನವನ್ನು ಮಹಾಮಂಡಲಾಚಾರ್ಯ ವಿಜಯಕೀರ್ತಿಗೆ ಒಪ್ಪಿಸಲಾಯಿತೆಂದೂ ಅದರಿಂದ ತಿಳಿದುಬರುತ್ತದೆ. ಈ ಆಚಾರ್ಯನು ಯಾಪನೀಯ ಸಂಘದ ಪುನ್ನಾಗವೃಕ್ಷಮೂಲ ಗಣದವನು. ಮುನಿಚಂದ್ರ, ವಿಜಯಕೀರ್ತಿ, ಕುಮಾರಕೀರ್ತಿ, ತ್ರೈವಿದ್ಯ ವಿಜಯಕೀರ್ತಿ ಎಂದು ಗುರುಪರಂಪರೆ ಹೇಳಲ್ಪಟ್ಟಿದೆ.

ದಂಡನಾಯಕನೊಬ್ಬನು ನೇಮಿನಾಥನಿಗೆ ಆಲಯವನ್ನೆತ್ತಿಸಿದುದು ಗಮನಾರ್ಹವಾದುದು. ವಿವಾಹದ ಔತಣಕ್ಕೆಂದು ಕೂಡಿಹಾಕಿದ್ದ ಪಶುಗಳ ಆರ್ತನಾದವನ್ನು ಕೇಳಿ, ರಥವನ್ನು ಹಿಂದಿರುಗಿಸಿ, ಗಿರಿನಾರಿಗೆ ತಪಸ್ಸಿಗೆ ಹೋದ ತೀರ್ಥಂಕರನು ನೇಮಿ. ಕಾಳಣನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಊಹಿಸುವುದು ಇತಿಹಾಸದ ಕೆಲಸವಲ್ಲ. ಆದರೆ ಅವನ ಧರ್ಮಕಾರ್ಯವು ಯಾವ ಸಂಘದ ಕೈಗೆ ಸೇರಿತೋ ಆ ಸಂಘದವರು ದುಃಖವೆಂಬುದನ್ನು ಹೇಗೆ ಕಂಡರೆಂಬುದು ವಿಚಾರಯೋಗ್ಯವಾದ ವಿಷಯ.

ಯಾಪನೀಯರು ದಿಗಂಬರರಂತೆ ನಗ್ನರು. ಆದರೆ ಸ್ತ್ರೀಯರಿಗೆ ಅದೇ ಜನ್ಮದಲ್ಲಿ ಮೋಕ್ಷವುಂಟೆಂದೂ, ಕೇವಲಿಗೆ ಆಹಾರವುಂಟೆಂದೂ ಶ್ವೇತಾಂಬರರಂತೆ ಒಪ್ಪಿದವರು. ಅಮೋಘವರ್ಷನ ಕಾಲದ ವೈಯಾಕರಣ ಪಾಲ್ಯಕೀರ್ತಿ ಶಾಕಟಾಯನನು ಈ ಎರಡು ವಿಷಯಗಳ ಮೇಲೆಯೂ ಪ್ರಕರಣಗಳನ್ನು ರಚಿಸಿರುವನು. ಶಿವಾರ್ಯನ ಪ್ರಾಕೃತ ಗ್ರಂಥವಾದ ಭಗವತೀ ಆರಾಧನೆಯೂ ಈ ಸಂಘದ್ದೇ ಎಂದು ಪಂಡಿತ ನಾಥೂರಾಮ ಪ್ರೇಮಿಯವರು ವಾದಿಸಿದರು. ದಿಗಂಬರ ಪಂಡಿತರಲ್ಲಿ ಕೆಲವರು ಇದನ್ನೊಪ್ಪರು. ಆದರೆ ಗ್ರಂಥದ ಒಳಗಿನ ಪ್ರಮಾಣಗಳು ಪ್ರೇಮಿಯವರ ಕಡೆಗೇ ಹೆಚ್ಚಾಗಿ ವಾಲುತ್ತವೆ.

ಎರಡು ಸಾವಿರಕ್ಕೂ ಮಿಕ್ಕ ಗಾಹೆಗಳ ಈ ಗ್ರಂಥದ ಮುಖ್ಯ ವಿಷಯವು ಸಮಾಧಿಮರಣ. ದೇಹವನ್ನು ದಂಡಿಸುವುದೇ ಇದರ ಸಾರವೆಂದು ಭಾವಿಸುವವರು ಗ್ರಂಥವನ್ನು ನೋಡಿದವರಲ್ಲ. ನೋವನ್ನೇ ಚಿಂತಿಸುತ್ತ ಕೊರಗುವುದು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದು. ತಪಸ್ಸಿಗೆ ಪ್ರತಿಫಲವಾಗಿ ಮುಂದಿನ ಜನ್ಮದ ಭೋಗವನ್ನು ಬಯಸುವ ನಿದಾನವು ಇನ್ನೊಂದು. ಎರಡೂ ತ್ಯಾಜ್ಯಗಳೇ. ಆದುದರಿಂದ ವೇದನೆಯು ಸ್ವತಃ ಪುಣ್ಯಕರವಲ್ಲ. ಅದು ಬಂದಾಗ ಚಿತ್ತವು ಧರ್ಮಧ್ಯಾನದಲ್ಲಿ ನಿಲ್ಲುವುದೋ ಆರ್ತಕ್ಕೆ ಜಾರುವುದೋ ಎಂಬುದೇ ಪ್ರಶ್ನೆ.

ಚಿತ್ತವು ನಿಲ್ಲಬೇಕಾದರೆ ದೇಹಕ್ಕೆ ನೆಲೆ ಬೇಕು. ಅದಕ್ಕಾಗಿ ಶಿವಾರ್ಯನು ಕ್ಷಪಕನ, ಎಂದರೆ ಸಲ್ಲೇಖನವನ್ನು ಕೈಕೊಂಡವನ, ವಿಶ್ರಾಂತಿಸ್ಥಾನವನ್ನು ಬಹಳ ಎಚ್ಚರದಿಂದ ವಿವರಿಸುವನು. ಗದ್ದಲವಿಲ್ಲದ ವಸತಿ ಬೇಕು. ಸಂಸ್ತರವೆಂಬ ಹಾಸುಗೆಯು ನೆಲ, ಶಿಲೆ, ಹಲಗೆ, ಹುಲ್ಲು ಎಂದು ನಾಲ್ಕು ಬಗೆ, ಅದರಲ್ಲಿ ಜೀವಜಂತುಗಳಿರಕೂಡದು. ಇವನನ್ನು ನೋಡಿಕೊಳ್ಳಲು ನಿರ್ಯಾಪಕರು ನಾಲ್ವತ್ತೆಂಟು ಮಂದಿ. ಅವರಲ್ಲಿ ಕೆಲವರು ಅವನನ್ನು ಎತ್ತಿ ಮಗ್ಗುಲಾಗಿಸುವರು, ಕೆಲವರು ಧರ್ಮಕಥೆ ಹೇಳುವರು, ಕೆಲವರು ಆಹಾರಪಾನಗಳನ್ನು ನೋಡಿಕೊಳ್ಳುವರು, ಕೆಲವರು ಮಲಮೂತ್ರಗಳನ್ನು ತೆಗೆಯುವರು, ಕೆಲವರು ಬಾಗಿಲು ಕಾಯುವರು. ಕಾಲವು ಕೆಟ್ಟು ಅಷ್ಟು ಮಂದಿ ದೊರೆಯದಿದ್ದರೆ ಸಂಖ್ಯೆಯನ್ನು ಇಳಿಸಬಹುದು. ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಒಬ್ಬನೇ ಇದ್ದರೆ ಅವನು ಭಿಕ್ಷೆಗೆ ಹೋದಾಗ ಕ್ಷಪಕನು ಅನಾಥನಾಗುವನು, ಹೋಗದಿದ್ದರೆ ತಾನೇ ಕೆಡುವನು. ಮಠದ ದಿನಚರಿಯನ್ನು ಕಣ್ಣಾರೆ ಕಂಡವನಿಗಲ್ಲದೆ ಇಂತಹ ಮಾತು ಹೊಳೆಯದು.

ಆಹಾರತ್ಯಾಗವೂ ಕ್ರಮಕ್ರಮವಾಗಿಯೇ ಆಗತಕ್ಕದ್ದು. ಭಕ್ತಪ್ರತ್ಯಾಖ್ಯಾನಕ್ಕೆ ಹನ್ನೆರಡು ವರ್ಷಗಳಷ್ಟು ದೀರ್ಘವಾದ ಅವಧಿಯುಂಟು. ಇಷ್ಟಾದರೂ ಹಸಿವು ನೋವುಗಳಿಂದ ಕ್ಷಪಕನು ಎಚ್ಚರದಪ್ಪಿ ಕೂಗಿಕೊಳ್ಳಬಹುದು, ಅನ್ನವನ್ನು ಬೇಡಬಹುದು. ಆಗ ಆಚಾರ್ಯನು ಗದರಿಸಕೂಡದು, ತಿರಸ್ಕರಿಸಕೂಡದು. ಸವಿಮಾತುಗಳಿಂದ ಅವನ ನೆನಪನ್ನು ಮರಳಿಸಬೇಕು. ಈ ಮಾತುಗಳಿಗೇ ಕವಚವೆಂದು ಹೆಸರು. ಯುದ್ಧಕ್ಕೆ ಹೋಗುವ ಭಟನಿಗೆ ಕವಚವು ಹೇಗೋ ಹಾಗೆ, ಹಿಂದೆ ಕಷ್ಟಗಳನ್ನು ಸಹಿಸಿದವರ ಕಥೆಗಳು ಕ್ಷಪಕನಿಗೆ.

ಕನ್ನಡಿಗರಿಗೆ ಈ ಕವಚವು ಪರಿಚಿತವೇ ಆಗಿದೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳೂ ಈ ಗಾಹೆಗಳ ಸುತ್ತಲೇ ಬೆಳೆದವು. 1949ರಲ್ಲಿ ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆಯಿಂದ ಬೆಳಕಿಗೆ ಬಂದ ಆ ಗದ್ಯಗ್ರಂಥವನ್ನು ಭಾಷೆಯ ಸೊಬಗಿಗಾಗಿ ಓದುವವರು ಅನೇಕರು. ಅದರ ಮೊದಲ ಶ್ರೋತೃವು ಹುಲ್ಲುಹಾಸಿನ ಮೇಲೆ ಮಲಗಿದ ಕ್ಷಪಕನೆಂಬುದನ್ನು ನೆನೆದು ಓದುವವರು ವಿರಳ. ಮೊದಲ ಕಥೆಯ ಸುಕುಮಾರನನ್ನು ನೋಡಿರಿ. ಒಂದು ಸಾಸಿವೆಕಾಳಿನ ಒತ್ತನ್ನೂ ತಾಳಲಾರದಷ್ಟು ಮೃದುದೇಹಿ ಅವನು. ಆಯುಷ್ಯವು ಮೂರೇ ದಿನಗಳೆಂದು ತಿಳಿದೊಡನೆ ಸುಖಶಯ್ಯೆಯನ್ನು ಬಿಟ್ಟು ಬರಿಗಾಲಲ್ಲಿ ಹೊರಡುವನು. ಪೂರ್ವಜನ್ಮದ ವೈರವುಳ್ಳ ನರಿಯು ಮರಿಗಳೊಡನೆ ಮೂರು ರಾತ್ರಿ ಅವನನ್ನು ತಿನ್ನುವುದು, ಅವನು ಕದಲನು. ಉಜ್ಜಯಿನಿಯ ಉಪ್ಪರಿಗೆಯ ಹಾಸುಗೆಯಲ್ಲಿ ದೊರೆಯದ ನೆಮ್ಮದಿಯು ಈ ನೆಲದಲ್ಲಿ ದೊರೆಯಿತೆಂಬುದೇ ಕಥೆಗಾರನ ಆಶಯ. ಸನತ್ಕುಮಾರ ಚಕ್ರವರ್ತಿಯ ಕಥೆಯಂತೂ ರೋಗಿಗೇ ಹೇಳತಕ್ಕದ್ದು: ದೇಹದ ವ್ಯಾಧಿಯನ್ನು ವಾಸಿಮಾಡುವೆನೆಂದು ಬಂದ ದೇವವೈದ್ಯನನ್ನು ಅವನು, ಸಂಸಾರವ್ಯಾಧಿಗೆ ಔಷಧವುಂಟೇ ಎಂದು ಕೇಳುವನು.

ಏಕಸಂಬಿಯ ಬಸದಿಯಲ್ಲಿ ಸಮಾಧಿಮರಣವಾಯಿತೆಂದು 1165ರ ಶಾಸನದ ಬಲದಿಂದ ಹೇಳಲಾಗದು, ಅದು ದಾನಶಾಸನ. ಯಾಪನೀಯ ಸಂಘವೂ ಕಾಲಕ್ರಮದಲ್ಲಿ ದಿಗಂಬರರಲ್ಲಿ ಲೀನವಾಯಿತು. ಉಳಿದುದು ಗ್ರಂಥ, ಅದರೊಡನೆ ಆಚರಣೆ. ಇದಕ್ಕೆ ಸಾಕ್ಷಿಯು ಇದೇ ಸೀಮೆಯಲ್ಲಿ ದೊರೆಯುತ್ತದೆ. ವೇದಗಂಗಾ ದೂಧಗಂಗೆಗಳ ಸಂಗಮದ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ 1872ರಲ್ಲಿ ಹುಟ್ಟಿದ ಸಾತಗೌಡರು 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆಯನ್ನು ವಹಿಸಿ ಆಚಾರ್ಯ ಶಾಂತಿಸಾಗರರೆನಿಸಿದರು. ವೃದ್ಧಾಪ್ಯದಲ್ಲಿ ಅವರ ದೃಷ್ಟಿ ಮಂದವಾಯಿತು. ಕಣ್ಣು ಕಿವಿಗಳು ದುರ್ಬಲವಾದವನೂ, ನಡೆಯುವ ಶಕ್ತಿ ಕುಂದಿದವನೂ ಸಲ್ಲೇಖನಕ್ಕೆ ಅರ್ಹನೆಂದು ಶಿವಾರ್ಯನು ಎಣಿಸಿರುವನಷ್ಟೆ. ಕಣ್ಣು ಕಾಣದವನು ಕಿರುಜೀವಿಗಳನ್ನು ತುಳಿಯದೆ ನಡೆಯಲಾರನು. 1955ರ ಆಗಸ್ಟ್ 14ರಂದು ಕುಂಥಲಗಿರಿಯಲ್ಲಿ ವ್ರತವನ್ನು ಕೈಕೊಂಡು, 36ನೆಯ ದಿನ, ಸಪ್ಟೆಂಬರ್ 18ರಂದು ಅವರು ದೇಹವನ್ನು ಬಿಟ್ಟರು. ನಡುವೆ ಸಪ್ಟೆಂಬರ್ 8ರಂದು ಮರಾಠಿಯಲ್ಲಿ ಆಡಿದ ಅಂತಿಮ ಉಪದೇಶವು ಧ್ವನಿಮುದ್ರಿತವಾಗಿದೆ. ಅದರಲ್ಲಿ ಒತ್ತಿ ಹೇಳಿದುದು ಆತ್ಮಚಿಂತನೆಯನ್ನು.

ಇದು ಆತ್ಮಹತ್ಯೆಯಲ್ಲವೇ ಎಂಬ ಆಕ್ಷೇಪವು ಹಳೆಯದು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಹೌದೆಂದು ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಹಿಡಿಯಿತು. ನ್ಯಾಯಶಾಸ್ತ್ರದ ಮಾತು ಹಾಗಿರಲಿ. ಸಾಯುವವನಿಗೆ ನಾಲ್ವತ್ತೆಂಟು ಮಂದಿ ಪರಿಚಾರಕರನ್ನು ವಿಧಿಸಿ, ಅವನು ಅನ್ನ ಕೇಳಿದರೆ ಗದರಿಸಬೇಡಿರೆನ್ನುವ ಗ್ರಂಥವನ್ನು ಆತ್ಮಘಾತದ ಕೈಪಿಡಿಯೆಂದು ಓದುವುದು ಸರಿಯಾಗದು. ಆದರೆ ನಿರ್ಯಾಪಕನ ಜವಾಬ್ದಾರಿಯನ್ನು ಮರೆತು, ಬರಿಯ ಉಪವಾಸದ ದಿನಗಳನ್ನೆಣಿಸಿ ಮೆರೆಸುವ ಕಡೆ ಆಕ್ಷೇಪಕ್ಕೆ ಎಡೆಯುಂಟೆಂಬುದನ್ನೂ ಅಲ್ಲಗಳೆಯಲಾಗದು.

ಆ ಜವಾಬ್ದಾರಿಯ ಉದಾಹರಣೆಯೂ ಇದೇ ತಾಲೂಕಿನದು. ಡಾ. ಆ. ನೇ. ಉಪಾಧ್ಯೆಯವರ ಹುಟ್ಟೂರಾದ ಸದಲಗೆಯಲ್ಲಿಯೇ 1946ರಲ್ಲಿ ಜನಿಸಿದ ವಿದ್ಯಾಸಾಗರರು 1968ರಲ್ಲಿ ಅಜಮೇರಿನಲ್ಲಿ ಜ್ಞಾನಸಾಗರರಿಂದ ದೀಕ್ಷೆ ಪಡೆದರು. ಸಮಾಧಿಯನ್ನು ಬಯಸುವ ಆಚಾರ್ಯನು ತನ್ನ ಗಣವನ್ನು ಇನ್ನೊಬ್ಬನಿಗೊಪ್ಪಿಸಿ ಪರಗಣಕ್ಕೆ ಹೋಗಬೇಕೆಂಬುದು ಶಿವಾರ್ಯನ ವಿಧಿ. ತನ್ನವರ ನಡುವೆ ಅಧಿಕಾರವೂ ಮಮತೆಯೂ ಬಿಡವು. ಕೀಲುನೋವಿನಿಂದ ಜರ್ಜರಿತರಾದ ಜ್ಞಾನಸಾಗರರು ಬೇರೆ ಗಣಕ್ಕೆ ಹೋಗುವಂತಿರಲಿಲ್ಲ. ಅವರು 1972ರ ನವೆಂಬರಿನಲ್ಲಿ ತರುಣ ಶಿಷ್ಯನಿಗೆ ಆಚಾರ್ಯಪದವನ್ನಿತ್ತು, ತಾವು ಕೆಳಗೆ ಕುಳಿತು, ನಿರ್ಯಾಪಕನಾಗೆಂದು ಅವನನ್ನೇ ಬೇಡಿದರು. 1973ರ ಜೂನ್ 1ರಂದು ನಸೀರಾಬಾದಿನಲ್ಲಿ ಅವರ ಸಮಾಧಿಯಾಗುವವರೆಗೆ ಸದಲಗೆಯ ಶಿಷ್ಯನು ಗುರುವಿನ ಹಾಸುಗೆಯ ಬಳಿಯಿದ್ದು ಶುಶ್ರೂಷೆ ಮಾಡಿದನು. ಐವತ್ತು ವರ್ಷಗಳ ತರುವಾಯ ತಾನೂ ಆಚಾರ್ಯಪದವನ್ನು ಬಿಟ್ಟು, ಛತ್ತೀಸಗಡದ ಡೋಂಗರಗಡದಲ್ಲಿ ಮೂರು ದಿನ ಉಪವಾಸವಿದ್ದು, 2024ರ ಫೆಬ್ರವರಿ 18ರಂದು ಸಮಾಧಿಸ್ಥನಾದನು.